ನಾಲ್ಕು ಐವತ್ತರಿಂದ ಐದು ಹತ್ತರವರೆಗೆ

ಮಾರ್ಚ್ 17

ತಮ್ಮಾ,

ಮೂರು ದಿನಗಳ ಹಿಂದೆ, ಮಾರ್ಚ್ ಹದಿನಾಲ್ಕರ ಸಂಜೆ ಐದು ಮೂವತ್ತೈದಕ್ಕೆ, ನಮ್ಮ ಡಿಪೋ ಗೇಟಿನ ಮುಂದೆ ಪೊಲೀಸರು ಮೂರು ಜನರನ್ನು ಗುಂಡಿಟ್ಟು ಕೊಂದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು ಒಬ್ಬಳು, ಶಾಲೆಯ ಜವಾನ ಒಬ್ಬ, ಕನ್ನಡಕದ ಅಂಗಡಿಯವನೊಬ್ಬ. ಮೂವರೂ ಬಸ್ಸಿಗೆ ಕಾದು ನಿಂತಿದ್ದವರು. ಪತ್ರಿಕೆಗಳು "ಗಲಭೆಯಲ್ಲಿ ಮೂವರ ಸಾವು" ಎಂದು ಬರೆದಿವೆ, ಗಲಭೆಯ ಕೈಯಲ್ಲೇ ಬಂದೂಕು ಇತ್ತೇನೋ ಎಂಬಂತೆ.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಎರಡನೇ ನಿಮಿಷಕ್ಕೆ "ಅಕ್ಕಾ, ಕ್ಲಾಸ್ ಇದೆ" ಅನ್ನುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

ಈ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು ನಾನು, ಮೊದಲು ಕಂಡಕ್ಟರ್, ಈಗ ಹದಿನಾರು ವರ್ಷದಿಂದ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಕ್ಯಾಬಿನ್ನಿನಲ್ಲಿ ಕೂತು ಬರೆಯುವುದೇ ನನ್ನ ಕೆಲಸ. ಆದ್ದರಿಂದ ಅವತ್ತಿನ ಹೊತ್ತುಗೊತ್ತು ನನ್ನಿಂದ ಕೇಳು.

ಮೇಲಿನ ಬಡಾವಣೆಗೆ ದಿನಕ್ಕೆ ಇಪ್ಪತ್ತೆರಡು ಟ್ರಿಪ್ ಇತ್ತು. ಹದಿನೆಂಟು ತಿಂಗಳಲ್ಲಿ ಅದನ್ನು ಒಂಬತ್ತಕ್ಕೆ ಇಳಿಸಿದರು. ಬಡಾವಣೆಯವರು ಹನ್ನೊಂದು ಅರ್ಜಿ ಕೊಟ್ಟರು. ಹನ್ನೊಂದಕ್ಕೂ ಮೊಹರು ಒತ್ತಿ ಮುಖ್ಯ ಕಚೇರಿಗೆ ಕಳಿಸಿದವಳು ನಾನೇ. ಒಂದಕ್ಕೂ ಉತ್ತರವಿಲ್ಲ. ಕಾರ್ಖಾನೆ ಬಿಡುವುದು ನಾಲ್ಕೂವರೆಗೆ. ಮನೆ ಸೇರಲು ಐದು ಗಂಟೆಯ ಬಸ್ಸೊಂದೇ ಗತಿ, ಅದು ತಪ್ಪಿದರೆ ಏಳೂವರೆ. ಅವತ್ತು ನಾಲ್ಕು ಐವತ್ತಕ್ಕೆ ಮುಖ್ಯ ಕಚೇರಿಯಿಂದ ಫೋನ್ ಬಂತು: ಐದರ ಬಸ್ಸು ರದ್ದು, ಕ್ರೀಡಾಂಗಣದಲ್ಲಿ ಸಮಾರಂಭವಿದೆ, ಅತಿಥಿಗಳಿಗೆ ಗಾಡಿ ಬೇಕು. ಆ ವಾರದಲ್ಲಿ ಅದು ಮೂರನೇ ಸಲ. ಐದು ಹತ್ತಕ್ಕೆ ಖಾಲಿ ಬಸ್ಸು "ವಿಶೇಷ" ಎಂದು ಬೋರ್ಡು ಹಾಕಿಕೊಂಡು ಗೇಟು ದಾಟಿತು. ಜನ ಅಡ್ಡ ನಿಂತರು. ಪೊಲೀಸರು ಒಬ್ಬ ಹೆಂಗಸನ್ನು ತೋಳು ಹಿಡಿದು ಎಳೆದು ಕೆಡವಿದರು, ಲಾಠಿ ಬೀಸಿದರು. ಆಮೇಲೆ ಕಲ್ಲು, ಆಮೇಲೆ ಬೆಂಕಿ, ಆಮೇಲೆ ಗುಂಡು. ಇದೇ ಕ್ರಮ. ಯಾರಾದರೂ ಇದನ್ನು ತಿರುವುಮುರುವು ಮಾಡುವ ಮೊದಲು ನೀನು ಬರೆದಿಟ್ಟುಕೋ.

ಅಳಿಯನನ್ನು ನಿನ್ನೆ ಬೆಳಗ್ಗೆ ಹಿಡಿದುಕೊಂಡು ಹೋದರು. ಜೇಬಿನಲ್ಲಿ ಸ್ಪ್ಯಾನರ್ ಇತ್ತಂತೆ, ಅದು ಮಾರಕಾಸ್ತ್ರವಂತೆ. ಡಿಪೋದ ಮೆಕ್ಯಾನಿಕ್ಕನ ಜೇಬಿನಲ್ಲಿ ಸ್ಪ್ಯಾನರ್ ಇರದೆ ಬಾಚಣಿಗೆ ಇರುತ್ತದೆಯೇ? ಊರೆಲ್ಲ ಅವನನ್ನು ಕರೆಯುವುದೇ ಸ್ಪ್ಯಾನರ್ ಅಂತ. ಮದುವೆಯ ದಿನವೂ ಜೇಬಿನಲ್ಲಿ ಇಟ್ಟುಕೊಂಡಿದ್ದ, ನೀನೇ ಬಿದ್ದು ಬಿದ್ದು ನಕ್ಕಿದ್ದೆ. ಮಗಳು ಅತ್ತಿಲ್ಲ. "ಅಮ್ಮಾ, ಮಾವನಿಗೆ ಬರಿ. ಇದರ ಮೇಲೇ ಅಲ್ವಾ ಅವರು ಪುಸ್ತಕ ಬರೆದಿರೋದು?" ಅಂದಳು. ಬರೆದಿದ್ದೇನೆ.

ಅಪ್ಪನ ವಿಷಯ ನೀನು ಮರೆತಿಲ್ಲ ಅಂದುಕೊಂಡಿದ್ದೇನೆ.

ಅಕ್ಕ

•

ಏಪ್ರಿಲ್ 2

ಅಕ್ಕಾ,

ಮರೆಯುವುದು ಹೇಗೆ? ಇಪ್ಪತ್ತೊಂಬತ್ತು ವರ್ಷದ ಹಿಂದಿನ ಆ ಗಲಭೆಯ ವರದಿಯನ್ನು ಗ್ರಂಥಾಲಯದಲ್ಲಿ ನಿನಗೆ ಓದಿ ಹೇಳಿದವನು ನಾನು. ಹನ್ನೊಂದು ವರ್ಷ ನನಗಾಗ. "ಹೊರಗಿನಿಂದ ಬಂದ ಪ್ರಚೋದಕರು" ಎಂಬ ಪಟ್ಟಿಯಲ್ಲಿ ಅಪ್ಪನ ಹೆಸರು ಆರನೆಯದು. ಅದೇ ಬೀದಿಯಲ್ಲಿ ಇಪ್ಪತ್ತನಾಲ್ಕು ವರ್ಷ ಬಾಡಿಗೆ ಕಟ್ಟಿದ ಬಸ್ ಡ್ರೈವರ್ ಹೊರಗಿನವನಾದ. ಕೆಲಸ ಹೋಯಿತು. ನಾನು ಸಮಾಜಶಾಸ್ತ್ರ ಓದಿದ್ದೇ ಆ ಒಂದು ಸಾಲಿನ ಸಿಟ್ಟಿಗೆ.

ಈಗ ಸುದ್ದಿ ಕೇಳು. ಹದಿನಾಲ್ಕರ ಘಟನೆಗೆ ಸರ್ಕಾರ ವಿಚಾರಣಾ ಆಯೋಗ ನೇಮಿಸಿದೆ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಸದಸ್ಯರು ಇಬ್ಬರು: ಒಬ್ಬರು ನಿವೃತ್ತ ಅಧಿಕಾರಿ, ಇನ್ನೊಬ್ಬ ನಾನು. ನೀನು ನನ್ನ ಅಕ್ಕ, ಬಂಧಿತ ಮೆಕ್ಯಾನಿಕ್ ನಿನ್ನ ಅಳಿಯ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿದರೆ ಆ ಕ್ಷಣವೇ ನನ್ನನ್ನು ಬಿಟ್ಟು, "ಹೊರಗಿನವರು" ಎಂದು ಬರೆಯಲು ಪೆನ್ನು ತೆರೆದುಕೊಂಡೇ ಬರುವ ಯಾರನ್ನಾದರೂ ಕೂರಿಸುತ್ತಾರೆ. ಆದ್ದರಿಂದ ಹೇಳಿಲ್ಲ. ನಾನು ಊರಿಗೆ ಬಂದರೂ ಮನೆಗೆ ಬರಲಾರೆ. ಈ ಕಾಗದ ಓದಿ ಹರಿದುಬಿಡು.

ಗಲಭೆಗೆ ಕೊಡುವ ಕಾರಣಗಳಲ್ಲಿ ಅತ್ಯಂತ ಹಳೆಯದು, ಗುಂಪು ಸೇರಿದ ಮನುಷ್ಯ ಬುದ್ಧಿ ಕಳೆದುಕೊಳ್ಳುತ್ತಾನೆ ಎನ್ನುವುದು. ಆಳುವವರಿಗೆ ಅದು ಬಹಳ ಪ್ರಿಯ, ಏಕೆಂದರೆ ಬುದ್ಧಿಯಿಲ್ಲದವರಿಗೆ ಅಹವಾಲೂ ಇರುವುದಿಲ್ಲ. ಎರಡನೆಯದು, ಪುಂಡರು ಮತ್ತು ಹೊರಗಿನವರು. ಇವೆರಡೂ ಎಣಿಸಿ ನೋಡಿದರೆ ನಿಲ್ಲುವುದಿಲ್ಲ. ಇಲ್ಲೇ ನೋಡು, ಬಂಧಿತರು ಅರವತ್ತಮೂರು ಜನ. ಐವತ್ತೊಂದು ಜನ ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬಡಾವಣೆಯಲ್ಲೇ ಇರುವವರು, ಕೈಯಲ್ಲಿ ಕೆಲಸ ಇರುವವರು. ಇನ್ನು ಬಡತನವೇ ಕಾರಣ ಎಂದರೆ, ಬಡವರು ದಿನಾ ಬಡವರೇ, ದಿನಾ ಗಲಭೆ ಯಾಕಿಲ್ಲ? ಬಸ್ಸೇ ಇಲ್ಲದ ಊರಲ್ಲಿ ಯಾರೂ ಬಸ್ಸಿಗೆ ಕಲ್ಲು ಹೊಡೆಯುವುದಿಲ್ಲ. ಇಪ್ಪತ್ತೆರಡು ಇದ್ದದ್ದು ಒಂಬತ್ತಾದ ಕಡೆ ಹೊಡೆಯುತ್ತಾರೆ. ಸಿಗಬೇಕೆಂದು ನಂಬಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಬಿರುಕು ಅಗಲವಾಗುತ್ತಾ ಹೋಗುತ್ತದೆ. ದೂರುಗಳು ಒಂದರ ಮೇಲೊಂದು ಕೂರುತ್ತವೆ. ಕೊನೆಗೊಂದು ಘಟನೆ, ಎಷ್ಟೋ ಸಲ ತೀರಾ ಸಣ್ಣದು, ಎಲ್ಲವನ್ನೂ ಹೊತ್ತಿಸುತ್ತದೆ.

ಆ ಸಣ್ಣ ಘಟನೆಯೇ ನನಗೆ ಬೇಕಾಗಿರುವುದು. ನಾಲ್ಕು ಐವತ್ತಕ್ಕೆ ಫೋನ್ ಬಂತು ಎಂದು ಬರೆದಿದ್ದೀಯ. ಐದು ಹತ್ತಕ್ಕೆ ಬಸ್ಸು ಗೇಟು ದಾಟಿತು ಎಂದೂ ಬರೆದಿದ್ದೀಯ. ಈ ಇಪ್ಪತ್ತು ನಿಮಿಷದಲ್ಲಿ ಏನಾಯಿತು? ಮೂರನೇ ಸಲ ರದ್ದಾದಾಗ ಜನ ಯಾಕೆ ಕೆರಳಿದರು, ಎರಡನೇ ಸಲ ಯಾಕಿಲ್ಲ?

ನಿನ್ನ ತಮ್ಮ

•

ಏಪ್ರಿಲ್ 9

ತಮ್ಮಾ,

ಆಯೋಗದಲ್ಲಿ ನೀನಿದ್ದೀಯ ಎಂದು ಓದಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ನಿನ್ನ ಕಾಗದ ಹರಿಯಲಿಲ್ಲ. ಲಾಗ್ ಪುಸ್ತಕ ಬರೆಯುವವಳ ಕೈಗೆ ಹರಿಯುವ ಅಭ್ಯಾಸವಿಲ್ಲ.

ಗುಂಪಿಗೆ ಬುದ್ಧಿಯಿರಲಿಲ್ಲ ಎನ್ನುವವರಿಗೆ ಇದನ್ನು ಹೇಳು. ಅವತ್ತು ಸುಟ್ಟಿದ್ದು ನಾಲ್ಕು ಬಸ್ಸು. ಎರಡು ಮಾರು ದೂರದಲ್ಲಿ ಔಷಧದಂಗಡಿ ಇತ್ತು, ಒಂದು ಗಾಜು ಒಡೆದಿಲ್ಲ. ಟೈರು ಅಂಗಡಿಯ ಮುಂದೆ ಟೈರುಗಳ ರಾಶಿಯೇ ಇತ್ತು, ಯಾರೂ ಮುಟ್ಟಲಿಲ್ಲ. ಮೊದಲು ಬೆಂಕಿ ಬಿದ್ದದ್ದು "ವಿಶೇಷ" ಬೋರ್ಡಿನ ಗಾಡಿಗೆ, ಅದೂ ಡ್ರೈವರನನ್ನು "ಇಳಿಯಣ್ಣ, ನಿನ್ನದೇನೂ ತಪ್ಪಿಲ್ಲ" ಎಂದು ಕೈಹಿಡಿದು ಇಳಿಸಿದ ಮೇಲೆ. ನಾನು ಬಸ್ಸು ಸುಟ್ಟದ್ದನ್ನು ಸರಿ ಅನ್ನುತ್ತಿಲ್ಲ. ಆ ನಾಲ್ಕನ್ನೂ ವರ್ಷಗಟ್ಟಲೆ ದಿನಾ ಬೆಳಗ್ಗೆ ಗೇಟು ದಾಟಿಸಿದವಳು ನಾನೇ. ಆದರೆ ಬುದ್ಧಿ ಕೆಟ್ಟವರು ಡ್ರೈವರನಿಗೆ "ಅಣ್ಣ" ಅನ್ನುವುದಿಲ್ಲ.

ಇಸ್ತ್ರಿಯವಳ ಮನೆಗೆ ಹೋಗಿದ್ದೆ. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಮುರಿಯುತ್ತಾರಂತೆ. ಬೆಳಗಿನ ಬಸ್ಸೂ ಕೈಕೊಟ್ಟು ತಿಂಗಳಲ್ಲಿ ಆರು ಅರ್ಧ ದಿನ ಹೋಗಿತ್ತು ಅವಳಿಗೆ. ಅವಳ ಗಂಡ ಇಷ್ಟೇ ಕೇಳಿದ: "ಕಂಟ್ರೋಲರಮ್ಮ, ಅವತ್ತು ಬಸ್ಸು ಯಾಕೆ ಬಿಡಲಿಲ್ಲ?" ಮುಖ್ಯ ಕಚೇರಿಯ ಆದೇಶ ಎಂದೆ. ಎದ್ದು ಬಂದೆ.

ಇಪ್ಪತ್ತು ನಿಮಿಷದಲ್ಲಿ ಏನೂ ವಿಶೇಷ ಆಗಲಿಲ್ಲ. ಬಸ್ಸು ರದ್ದಾದ ವಿಷಯ ಕಿಟಕಿಯ ಹತ್ತಿರ ನಿಂತವರಿಗೆ ಬಾಯಲ್ಲೇ ತಿಳಿಸಿದೆವು. ಮೈಕ್ ಮೂರು ದಿನದಿಂದ ಕೆಟ್ಟಿತ್ತು. ದೂರು ಚೀಟಿ ಇದೆ. ಮ್ಯಾನೇಜರ್ ಆಯೋಗಕ್ಕೆ ಅದರ ನಕಲು ಕಳಿಸಿದ್ದಾರೆ.

ಅಳಿಯನನ್ನು ನೋಡಲು ನಿನ್ನೆ ಜೈಲಿಗೆ ಹೋಗಿದ್ದೆ. ಕಂಬಿಯ ಆಚೆ ನಿಂತು, "ಅತ್ತೆ, ನೀವು ತಲೆ ಕೆಡಿಸ್ಕೋಬೇಡಿ. ಇಲ್ಲಿ ನಲ್ಲಿ ಸೋರ್ತಿತ್ತು, ನಾನೇ ರಿಪೇರಿ ಮಾಡ್ದೆ, ಈಗ ನನಗೆ ಎರಡು ಲೋಟ ಚಹಾ" ಎಂದು ನಕ್ಕ. ಮಗಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಬಹಳ ಸೋತಿದ್ದಾಳೆ, ಪಾಪ.

ಅಕ್ಕ

•

ಮೇ 30

ಅಕ್ಕಾ,

ವಿಚಾರಣೆ ಮುಗಿಯಿತು. ಇನ್ನೂರ ಹದಿನೆಂಟು ಹೇಳಿಕೆ ದಾಖಲಾಗಿವೆ. ನಿನ್ನದನ್ನು ಅಧ್ಯಕ್ಷರೇ ತೆಗೆದುಕೊಂಡದ್ದು ಒಳ್ಳೆಯದಾಯಿತು. ನಾನು ಆ ಹೊತ್ತಿನಲ್ಲಿ ಹೊರಗೆ ಹೋಗಿ ನೀರು ಕುಡಿದೆ.

ಮೈಕಿನ ವಿಷಯ ನೀನು ಬರೆದದ್ದೂ ಒಳ್ಳೆಯದೇ ಆಯಿತು. ಮೈಕಿನಲ್ಲಿ ಏನೋ ಅವಮಾನದ ಮಾತು ಕೇಳಿಬಂತು ಎಂದು ಕೆಲವರು ಹೇಳಿದ್ದಾರೆ. ಮೈಕೇ ಕೆಟ್ಟಿದ್ದರೆ ಅದು ವದಂತಿಯ ಖಾನೆಗೆ ಹೋಗುತ್ತದೆ. ಗಲಭೆಗೆ ಮುಂಚೆ ವದಂತಿ ಹುಟ್ಟುವುದು ಹೊಸದಲ್ಲ. ಯಾರೂ ವಿವರಣೆ ಕೊಡದ ಕಡೆ ಜನ ತಾವೇ ಒಂದು ವಿವರಣೆ ಕಟ್ಟಿಕೊಳ್ಳುತ್ತಾರೆ. ಅದರಲ್ಲಿ ಯಾರ ತಪ್ಪೂ ಇರಬೇಕಾಗಿಲ್ಲ.

ನನ್ನ ಕರಡಿನಲ್ಲಿ ಮೊದಲ ಕಾರಣ ಬಸ್ ಕಡಿತ, ಎರಡನೆಯದು ಹನ್ನೊಂದು ಅರ್ಜಿಗಳ ನಿರ್ಲಕ್ಷ್ಯ, ಮೂರನೆಯದು ಪೊಲೀಸರು ಮೊದಲು ಕೈ ಮಾಡಿದ್ದು. ವದಂತಿ ಅಡಿಟಿಪ್ಪಣಿ ಮಾತ್ರ. ನೆಮ್ಮದಿಯಿಂದಿರು. ನವೆಂಬರಿನಲ್ಲಿ ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದು ನಾಲ್ಕು ದಿನ ಇರು.

ನಿನ್ನ ತಮ್ಮ

•

ಆಗಸ್ಟ್ 21

ತಮ್ಮಾ,

ವರದಿ ಕೊಂಡು ತಂದೆ. ಮುನ್ನೂರ ನಾಲ್ಕು ಪುಟ. ಬಸ್ ಕಡಿತ ನೂರ ಹನ್ನೆರಡನೇ ಪುಟದಲ್ಲಿದೆ, ಅರ್ಧ ಪುಟ, "ಸೇವೆಯ ತಾತ್ಕಾಲಿಕ ಮರುಹೊಂದಾಣಿಕೆ" ಎಂಬ ಹೆಸರಿನಲ್ಲಿ. ಹನ್ನೊಂದು ಅರ್ಜಿ "ಕೆಲವು ಅರ್ಜಿ" ಆಗಿದೆ. ಮೂವತ್ತೊಂದನೇ ಪುಟ ಮಾತ್ರ ಇಡೀ ಊರಿಗೆ ಬಾಯಿಪಾಠ. ಬರೆದವನಿಗೆ ಓದಿ ಹೇಳುತ್ತೇನೆ, ಕೇಳು:

"ಧ್ವನಿವರ್ಧಕದಲ್ಲಿ ಪ್ರಯಾಣಿಕರನ್ನು ಅವಮಾನಿಸಲಾಯಿತು ಎಂಬ ನಿರಾಧಾರ ವದಂತಿಯೇ ಗಲಭೆಯ ಮುಖ್ಯ ಕಾರಣ. ಧ್ವನಿವರ್ಧಕವು ಮೂರು ದಿನಗಳಿಂದ ಕೆಟ್ಟಿತ್ತು ಎಂಬುದಕ್ಕೆ ಲಿಖಿತ ದಾಖಲೆಯಿದೆ. ಸದರಿ ವದಂತಿಯನ್ನು ಗೇಟಿನ ಹೊರಗಿದ್ದವರಿಗೆ ದಾಟಿಸಿದವನು ಡಿಪೋದ ಮೆಕ್ಯಾನಿಕ್ ಒಬ್ಬನು. ಆತನ ಬಳಿ ಆಯುಧ ದೊರೆತಿದೆ."

ಮೊನ್ನೆ ಜಾಮೀನಿನ ವಿಚಾರಣೆ ಇತ್ತು. ಸರ್ಕಾರಿ ವಕೀಲ ಈ ನಾಲ್ಕು ಸಾಲನ್ನೇ ಓದಿದ. ಸುಳ್ಳು ಹಬ್ಬಿಸಿ ಮೂರು ಜೀವ ತೆಗೆದವನು, ಸಂಚು ಮಾಡಿದವನು ಎಂದ. ಜಾಮೀನು ಇಲ್ಲ. ಸಾಬೀತಾದರೆ ಹತ್ತು ವರ್ಷ.

ಕೋರ್ಟಿನಿಂದ ಬಂದು ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಚೀಲವನ್ನೂ ಕೆಳಗಿಡಲಿಲ್ಲ.

"ಅಮ್ಮಾ, ನಮ್ಮನೆಯವರು ಸುಳ್ಳು ಹೇಳೋರಾ?"

"ಅಲ್ಲ."

"ಹಾಗಾದ್ರೆ ಮೈಕ್‌ನಲ್ಲಿ ಆ ಮಾತು ಹೇಳಿದ್ದು ಯಾರು?"

ಒಲೆ ಆರಿಸಿದೆ.

"ನನಗೆ ಮೊದಲ ದಿನವೇ ಗೊತ್ತಮ್ಮಾ. ನೀನೇ ಹೇಳ್ತೀಯ ಅಂತ ಐದು ತಿಂಗಳು ಕಾದೆ. ಅವರು ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ, ಅತ್ತೆಗೆ ಪೆನ್ಷನ್ ಕೈಗೆ ಬರೋವರೆಗೂ ಬಾಯಿ ಬಿಡಬೇಡ ಅಂತ. ಪೊಲೀಸರು ಯಾರ ಧ್ವನಿ ಅಂತ ಹೊಡೆದು ಕೇಳಿದ್ರೂ 'ಗೊತ್ತಾಗ್ಲಿಲ್ಲ' ಅಂದ್ರಂತೆ. ಹದಿನಾರು ವರ್ಷ ದಿನಾ ಕೇಳೋ ಧ್ವನಿ ಗೊತ್ತಾಗ್ಲಿಲ್ವಂತೆ! ಎಂಥಾ ಗಂಡನ್ನ ಹುಡುಕಿದ್ಯಮ್ಮಾ ನನಗೆ."

ಬರೆಯುತ್ತೇನೆ, ಓದು. ಮೈಕ್ ಕೆಟ್ಟಿರಲಿಲ್ಲ. ಫೋನ್ ಬಂದ ಮೇಲೆ ನಾನೇ ಮೈಕಿನಲ್ಲಿ "ಐದರ ಬಸ್ಸು ರದ್ದಾಗಿದೆ" ಎಂದೆ. ಕಿಟಕಿಗೆ ಮೂವತ್ತು ಜನ ಮುತ್ತಿಕೊಂಡರು. ಹದಿನೆಂಟು ತಿಂಗಳಿಂದ ಅವರ ಬೈಗುಳ ಬೀಳುತ್ತಿದ್ದದ್ದು ನನಗೆ, ಮುಖ್ಯ ಕಚೇರಿಯವರಿಗಲ್ಲ. ಆ ಇಸ್ತ್ರಿಯವಳೇ ಕಂಬಿ ಹಿಡಿದು, "ನಿನ್ನೆನೂ ಹಿಂಗೇ ಅಂದ್ರಿ. ಎರಡೂವರೆ ಗಂಟೆ ಹೆಂಗೆ ಕಾಯೋದು, ಹೇಳಿ ಕಂಟ್ರೋಲರಮ್ಮ" ಎಂದಳು. ಅವಳು ಬೈಯಲೂ ಇಲ್ಲ. ನಾನು "ಕಾಲಿಲ್ವಾ? ನಡೀರಿ" ಎಂದೆ. ಮೈಕಿನ ಗುಂಡಿಯ ಮೇಲೆ ಹೆಬ್ಬೆರಳು ಇತ್ತು. ಮರೆತು ಒತ್ತಿದ್ದೆ ಎಂದು ಹೇಳಿಕೊಳ್ಳಬಹುದು. ಮರೆತಿರಲಿಲ್ಲ.

ಗೇಟಿನ ಹೊರಗಿನವರಿಗೆ ಸರಿಯಾಗಿ ಕೇಳಿಸಿರಲಿಲ್ಲ. "ಏನಂದ್ರು, ಏನಂದ್ರು?" ಎಂದು ಅಳಿಯನನ್ನು ಕೇಳಿದರು. ಅವನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ. ಅಷ್ಟೇ ಅವನ ಸಂಚು.

ಮಾರನೆಯ ಬೆಳಗ್ಗೆ ಮ್ಯಾನೇಜರ್ ದೂರು ಚೀಟಿಯ ಪುಸ್ತಕ ನನ್ನ ಮುಂದೆ ತಳ್ಳಿದರು. "ಹನ್ನೊಂದನೇ ತಾರೀಕು ಹಾಕಿ ಒಂದು ಸಹಿ ಮಾಡ್ಬಿಡಿ ಅಮ್ಮಾ, ಮೈಕ್ ಕೆಟ್ಟಿದೆ ಅಂತ. ನಿಮಗೆ ಇನ್ನು ಎಂಟು ತಿಂಗಳು. ಡಿಪೋ ಪೂರ್ತಿ ಹೀಗೇ ಹೇಳುತ್ತೆ, ನಾನು ಮಾತಾಡಿದೀನಿ." ನಮ್ಮಲ್ಲಿ ಅದು ರೂಢಿ. ಡ್ರೈವರ್ ಗಾಡಿಗೆ ಗೀರು ತಂದರೆ ಮೇಲಿನವರು ನೋಡುವ ಮೊದಲು ಮೆಕ್ಯಾನಿಕ್ ಬಣ್ಣ ಬಳಿಯುತ್ತಾನೆ. ಒಬ್ಬರು ತಡವಾಗಿ ಬಂದರೆ ಇನ್ನೊಬ್ಬರು ಸಹಿ ಹಾಕುತ್ತಾರೆ. ಗೇಟಿನ ಒಳಗಿನ ತಪ್ಪು ಗೇಟು ದಾಟುವುದಿಲ್ಲ. ಇದನ್ನು ನಾವು ಒಳ್ಳೆಯತನ ಅಂತಲೇ ಕರೆದುಕೊಂಡು ಬಂದಿದ್ದೇವೆ. ಎಲ್ಲರಿಗೂ ಹೇಳಿದರು: ಗುಡಿಸುವವಳಿಗೆ, ಕಾವಲುಗಾರನಿಗೆ, ಡ್ರೈವರುಗಳಿಗೆ. ಅಳಿಯ ಆ ದಿನ ಲಾಠಿ ಏಟು ಬಿದ್ದ ತಲೆಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದ. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನ ಪಕ್ಕದ ಕೋಣೆಯಲ್ಲಿದ್ದ ನನಗೂ ಹೊಳೆಯಲಿಲ್ಲ. ಹದಿನಾರರ ಬೆಳಗ್ಗೆ ಅವನು ಪೊಲೀಸರಿಗೆ ನಿಜ ಹೇಳಿದ. ಮಿಕ್ಕ ನಾವು ಎಪ್ಪತ್ತು ಜನ ಸೇರಿ ಆ ನಿಜವನ್ನು ವದಂತಿ ಮಾಡಿದೆವು.

ಈಗ ನಿನಗೊಂದು ಪ್ರಶ್ನೆ. ಇನ್ನೂರ ಹದಿನೆಂಟು ಜನರಲ್ಲಿ ಎಷ್ಟು ಜನ ಆ ಮಾತನ್ನು ಹೇಳಿದರು? "ಕೆಲವರು" ಎಂದು ಬರೆದಿದ್ದೆ. ಎಣಿಸುವುದೇ ನಿನ್ನ ಕಸುಬು, ಸಂಖ್ಯೆ ಯಾಕೆ ಬರೆಯಲಿಲ್ಲ?

ಅಕ್ಕ

•

ಆಗಸ್ಟ್ 29

ಅಕ್ಕಾ,

ನಲವತ್ತೊಂದು.

ನಲವತ್ತೊಂದು ಜನ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು, ಅಕ್ಷರ ತಪ್ಪದೆ ಅದೇ ಮಾತು ಹೇಳಿದರು. ವದಂತಿ ಹಾಗಿರುವುದಿಲ್ಲ. ಅದು ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆಯುತ್ತದೆ, ರೂಪ ಬದಲಿಸುತ್ತದೆ. ನನ್ನ ವಿದ್ಯಾರ್ಥಿ ಇದನ್ನು ವದಂತಿ ಎಂದು ಬರೆದುಕೊಂಡು ಬಂದಿದ್ದರೆ ಅನುತ್ತೀರ್ಣ ಮಾಡುತ್ತಿದ್ದೆ.

ಮೊದಲ ಹೇಳಿಕೆ ಓದುವಾಗಲೇ ನಿನ್ನ ಧ್ವನಿ ಕೇಳಿಸಿತು. ಶಾಲೆಗೆ ಹೋಗುವ ದಾರಿಯಲ್ಲಿ ಎತ್ತಿಕೋ ಎಂದು ನಾನು ಹಟ ಹಿಡಿದಾಗಲೆಲ್ಲ "ಕಾಲಿಲ್ವಾ? ನಡಿ" ಅನ್ನುತ್ತಿದ್ದೆಯಲ್ಲ. ಆಮೇಲೆ ಮೈಕ್ ಕೆಟ್ಟಿತ್ತು ಎಂಬ ನಿನ್ನ ಕಾಗದ ಬಂತು. ನಂಬಲಿಲ್ಲ. ಆದರೆ ಗಟ್ಟಿಯಾಗಿ ಹಿಡಿದುಕೊಂಡೆ. ಅಳಿಯನ ಸಾಲು ನನ್ನ ಕರಡಿನಲ್ಲಿ ಇರಲಿಲ್ಲ, ಅಧ್ಯಕ್ಷರು ಸೇರಿಸಿದರು. ವದಂತಿ ಎಂದ ಮೇಲೆ ಹಬ್ಬಿಸಿದವನೊಬ್ಬ ಬೇಕಲ್ಲ, ಎಂದರು. ನಾನು ವಿರೋಧಿಸಿದ್ದರೆ "ನಿಮಗೆ ಅವನ ಮೇಲೆ ಯಾಕಿಷ್ಟು ಮಮತೆ?" ಎಂದು ಕೇಳುತ್ತಿದ್ದರು. ಅಡಿಟಿಪ್ಪಣಿಯಾಗಿದ್ದದ್ದು ಮೂವತ್ತೊಂದನೇ ಪುಟಕ್ಕೆ ಬಂತು, ಬಸ್ಸು ನೂರ ಹನ್ನೆರಡಕ್ಕೆ ಹೋಯಿತು. ನಾನು ಸಹಿ ಹಾಕಿದೆ.

ಆದರೂ, ಅಕ್ಕಾ, ಕಾಲು ಹಿಡಿದು ಕೇಳುತ್ತೇನೆ, ಈಗ ಬಾಯಿ ಬಿಡಬೇಡ. ನಿನ್ನ ಸಲುವಾಗಿ ಮಾತ್ರ ಹೇಳುತ್ತಿಲ್ಲ. ನೀನು ಒಪ್ಪಿಕೊಂಡ ಮರುದಿನ ಏನಾಗುತ್ತದೆ ಯೋಚಿಸು. ಹದಿನೆಂಟು ತಿಂಗಳ ಕಡಿತ, ಹನ್ನೊಂದು ಅರ್ಜಿ, ಕ್ರೀಡಾಂಗಣದ ಅತಿಥಿಗಳು, ಲಾಠಿ, ಗುಂಡು, ಎಲ್ಲ ಅಳಿಸಿಹೋಗಿ "ಬಾಯಿ ಕೆಟ್ಟ ಕಂಟ್ರೋಲರ್" ಒಬ್ಬಳೇ ಉಳಿಯುತ್ತಾಳೆ. ಅವರಿಗೆ ಬೇಕಾಗಿರುವುದು ಅದೇ. ಕಿಡಿಯನ್ನು ತೋರಿಸಿದರೆ ಸೌದೆ ಒಟ್ಟಿದವರನ್ನು ಯಾರೂ ಕೇಳುವುದಿಲ್ಲ. ಅಪ್ಪನನ್ನು ಹೊರಗಿನವನು ಎಂದರು, ನಿನ್ನನ್ನು ಬಾಯಿಬಡುಕಿ ಅನ್ನುತ್ತಾರೆ. ಸುಳ್ಳು ಚೀಟಿಗೆ ಸಹಿ ಹಾಕಿದ್ದಕ್ಕೆ ಪೆನ್ಷನ್ ಹೋಗುತ್ತದೆ, ಮೊಕದ್ದಮೆಯೂ ಬರಬಹುದು.

ಆರು ತಿಂಗಳು ಕೊಡು. ದೊಡ್ಡ ವಕೀಲರನ್ನು ಹಿಡಿಯುತ್ತೇನೆ. ಮೇಲಿನ ಕೋರ್ಟಿನಲ್ಲಿ ಅವನನ್ನು ಬಿಡಿಸುತ್ತೇನೆ.

ನಿನ್ನ ತಮ್ಮ

•

ಸೆಪ್ಟೆಂಬರ್ 3

ತಮ್ಮಾ,

ಆರು ತಿಂಗಳು ನನ್ನದಾಗಿದ್ದರೆ ಕೊಡುತ್ತಿದ್ದೆ. ಅದು ಅಳಿಯನದು. ಅವನ ಆರು ತಿಂಗಳನ್ನು ಈಗಾಗಲೇ ತಿಂದಿದ್ದೇವೆ.

ನಿನ್ನ ಮಾತಿನಲ್ಲಿ ಅರ್ಧ ನಿಜ ಇದೆ, ಅದೇ ನನ್ನನ್ನು ಎರಡು ದಿನ ತಡೆಯಿತು. ನನ್ನ ಒಂದು ಮಾತಿಗೆ ಬಸ್ಸು ಸುಡುವುದಾದರೆ ಈ ಡಿಪೋ ಹದಿನಾರು ವರ್ಷದಲ್ಲಿ ನೂರು ಸಲ ಸುಡಬೇಕಿತ್ತು, ನನ್ನ ಬಾಯಿ ನಿನಗೆ ಗೊತ್ತಲ್ಲ. ದಿನಕ್ಕೆ ಇಪ್ಪತ್ತೆರಡು ಬಸ್ಸಿದ್ದಾಗ ಇದೇ ಮಾತು ಅಂದಿದ್ದರೆ "ಕಂಟ್ರೋಲರಮ್ಮನಿಗೆ ಇವತ್ತು ಸಿಟ್ಟು ಬಂದಿದೆ" ಎಂದು ನಕ್ಕು ಮುಂದಿನ ಬಸ್ಸು ಹತ್ತುತ್ತಿದ್ದರು. ಇಷ್ಟನ್ನು ವಿವರಿಸಲು ನಿನ್ನ ಶಾಸ್ತ್ರಕ್ಕೆ ಶಕ್ತಿಯಿದೆ. ಆದರೆ ನನ್ನ ಮಾತನ್ನು ಮುಚ್ಚಿಟ್ಟು ಅದನ್ನು ವಿವರಿಸುವ ಶಕ್ತಿ ಯಾವ ಶಾಸ್ತ್ರಕ್ಕೂ ಇಲ್ಲ. ನೀನು ಅಕ್ಕನನ್ನು ಉಳಿಸಲು ಒಂದು ಖಾನೆ ಬದಲಿಸಿದೆ; ಅಲ್ಲಿಂದ ಇಡೀ ವರದಿ ಅವರ ಕೈಗೆ ಹೋಯಿತು.

ಪ್ರಮಾಣಪತ್ರ ಬರೆಸಿದ್ದೇನೆ. ಪತ್ರಿಕೆಗೂ ಒಂದು ಬಹಿರಂಗ ಪತ್ರ ಬರೆಯುತ್ತೇನೆ. ಅದರಲ್ಲಿ ನೀನೂ ಇರುತ್ತೀಯ. ಮುಂಚೆ ತಿಳಿಸದೆ ಬೆನ್ನ ಹಿಂದೆ ಮಾಡಲಾರೆ, ಅದಕ್ಕೇ ಈ ಕಾಗದ.

ಅಕ್ಕ

•

ಸೆಪ್ಟೆಂಬರ್ 8

ಅಕ್ಕಾ, ಎಲ್ಲಿಗೂ ಕಳಿಸಬೇಡ. ಶನಿವಾರ ಬರುತ್ತಿದ್ದೇನೆ. ಎದುರು ಕೂತು ಮಾತಾಡೋಣ. ಏನಿದ್ದರೂ ನಾನೂ ಜೊತೆಗಿರುತ್ತೇನೆ.

ತಮ್ಮ

•

ಸೆಪ್ಟೆಂಬರ್ 15

ವಿಚಾರಣಾ ಆಯೋಗದ ಅಧ್ಯಕ್ಷರಿಗೆ, ಅದರ ಸದಸ್ಯರಾದ ಸಮಾಜಶಾಸ್ತ್ರದ ಪ್ರಾಧ್ಯಾಪಕರಿಗೆ, ಸಾರಿಗೆ ಸಂಸ್ಥೆಯ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಾರ್ಚ್ ಹದಿನಾಲ್ಕರ ಸಂಜೆ ಐದಕ್ಕೆ ಮೂರು ನಿಮಿಷವಿರುವಾಗ, ಡಿಪೋದ ಮೈಕಿನಲ್ಲಿ "ಕಾಲಿಲ್ವಾ? ನಡೀರಿ" ಎಂದವಳು ನಾನು, ಆ ಡಿಪೋದ ಕಂಟ್ರೋಲರ್. ಮೈಕ್ ಕೆಟ್ಟಿರಲಿಲ್ಲ. ಕೆಟ್ಟಿತ್ತು ಎಂಬ ದೂರು ಚೀಟಿ ಮಾರ್ಚ್ ಹದಿನೈದರಂದು ಹುಟ್ಟಿದ್ದು, ಅದರ ಮೇಲಿನ ಸಹಿ ನನ್ನದು. ನಿನ್ನೆ ನ್ಯಾಯಾಲಯಕ್ಕೆ ಪ್ರಮಾಣ ಮಾಡಿ ಇದನ್ನೇ ಬರೆದುಕೊಟ್ಟಿದ್ದೇನೆ. ಕೆಲಸದಿಂದ ನನ್ನನ್ನು ಇವತ್ತು ಬೆಳಗ್ಗೆ ಅಮಾನತು ಮಾಡಿದ್ದಾರೆ. ಅದರ ಬಗ್ಗೆ ನನ್ನ ದೂರಿಲ್ಲ.

ಆ ಮಾತನ್ನು ನಾನು ಯಾರಿಗೆ ಅಂದೆನೋ ಅವಳು ಸತ್ತಿದ್ದಾಳೆ. ಅವಳ ಗಂಡನ ಮನೆಗೆ ಎರಡನೇ ಸಲ ಹೋಗಿ, ಮೊದಲ ಸಲ ಕೊಡದ ಉತ್ತರ ಕೊಟ್ಟು ಬಂದೆ. ಅವನು ನನ್ನನ್ನು ಕೂರಲು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತಮ್ಮ ವರದಿಯ ಮೂವತ್ತೊಂದನೇ ಪುಟ ಸುಳ್ಳು. ನಿಜ ಹೇಳಿದ ಮೆಕ್ಯಾನಿಕ್ ಜೈಲಿನಲ್ಲಿದ್ದಾನೆ, ಸುಳ್ಳು ಹೇಳಿದ ನಾವೆಲ್ಲ ಮನೆಯಲ್ಲಿದ್ದೇವೆ. ಅವನು ನನ್ನ ಅಳಿಯ. ತಮ್ಮ ಆಯೋಗದ ಸದಸ್ಯರಾದ ಪ್ರಾಧ್ಯಾಪಕರು ನನ್ನ ಒಡಹುಟ್ಟಿದ ತಮ್ಮ. ಇದನ್ನು ಅವರು ತಮಗೆ ತಿಳಿಸಲಿಲ್ಲ. ನಲವತ್ತೊಂದು ಹೇಳಿಕೆಗಳು ಒಂದೇ ಮಾತನ್ನು ಹೇಳುತ್ತಿದ್ದುದನ್ನೂ ಅವರು ವರದಿಯಲ್ಲಿ ಬರೆಯಲಿಲ್ಲ. ಕಳೆದ ಶನಿವಾರ ಬಂದು ಮಾತಾಡುವುದಾಗಿ ತಿಳಿಸಿದ್ದರು. ಶನಿವಾರ ಕಾದೆ, ಭಾನುವಾರವೂ ಕಾದೆ. ಬರಲಿಲ್ಲ.

ಇನ್ನು ನನ್ನ ಒಂದು ಮಾತಿನಿಂದಲೇ ಎಲ್ಲವೂ ಆಯಿತು ಎಂದು ಬರೆಯಲು ಕೂತವರಿಗೆ: ಬರೆಯಿರಿ, ಆದರೆ ಪೂರ್ತಿ ಬರೆಯಿರಿ. ಆ ಮಾತಿಗೆ ನಾನು ಹೊಣೆ. ಹದಿಮೂರು ಟ್ರಿಪ್ ಕಡಿತಕ್ಕೆ ನಾನು ಹೊಣೆಯಲ್ಲ. ನನ್ನ ಮೊಹರು ಹೊತ್ತು ಹೋದ ಹನ್ನೊಂದು ಅರ್ಜಿ ಯಾರ ಮೇಜಿನ ಮೇಲೆ ಸತ್ತವೋ ಅದಕ್ಕೆ ನಾನು ಹೊಣೆಯಲ್ಲ. ಬಸ್ಸಿಗೆ ಅಡ್ಡ ನಿಂತವಳ ತೋಳು ಹಿಡಿದು ಎಳೆದದ್ದು ನನ್ನ ಕೈಯಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಊರಿನ ಇನ್ನೊಂದು ವರದಿ, ಇದೇ ಬೀದಿಯಲ್ಲಿ ಬದುಕಿದ ಒಬ್ಬ ಡ್ರೈವರನನ್ನು "ಹೊರಗಿನವನು" ಎಂದು ಬರೆದು ಕೈತೊಳೆದುಕೊಂಡಿತು. ಯಾರೂ ಉತ್ತರ ಹೇಳಲಿಲ್ಲ, ಅವನು ಕೇಳುತ್ತಲೇ ತೀರಿಕೊಂಡ. ನಾನು ಅವನ ಮಗಳು, ಅಷ್ಟು ಸುಲಭವಾಗಿ ಸುಮ್ಮನಾಗುವುದಿಲ್ಲ.

ಮೆಕ್ಯಾನಿಕ್ಕನ ಮುಂದಿನ ಜಾಮೀನು ವಿಚಾರಣೆ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ. ಅದಕ್ಕೆ ಮೊದಲು, ಇಪ್ಪತ್ತಾರರ ಬೆಳಗ್ಗೆ ಹತ್ತಕ್ಕೆ, ಪುರಭವನದಲ್ಲಿ, ಬಡಾವಣೆಯವರ ಎದುರು ತಾವು ಮೂವರೂ ಬರಬೇಕು. ಮುಚ್ಚಿದ ಲಕೋಟೆಯ ವಿವರಣೆ, ಕಾರ್ಯದರ್ಶಿಯ ಸಹಿಯ ಪ್ರಕಟಣೆ ಬೇಡ. ನಾಲ್ಕು ಐವತ್ತಕ್ಕೆ ಫೋನ್ ಮಾಡಿ ಆ ಬಸ್ಸನ್ನು ಕಸಿದುಕೊಂಡವರು ಯಾರು, ಅವರ ಹೆಸರು ಹೇಳಿ. ಐದು ಮೂವತ್ತೈದಕ್ಕೆ ಗುಂಡು ಹಾರಿಸಲು ಹೇಳಿದವರು ಯಾರು, ಅವರ ಹೆಸರು ಮುನ್ನೂರ ನಾಲ್ಕು ಪುಟಗಳಲ್ಲಿ ಒಂದು ಕಡೆಯೂ ಯಾಕಿಲ್ಲ, ಹೇಳಿ. ಪ್ರಾಧ್ಯಾಪಕರೇ, ಆ ನಲವತ್ತೊಂದು ಹೇಳಿಕೆಗಳನ್ನು ತಾವೇ ಎದ್ದು ನಿಂತು, ಒಂದೊಂದಾಗಿ, ಅವನ್ನು ಕೊಟ್ಟವರ ಮುಂದೆ ಓದಿ ಹೇಳಿ. ಓದಿದ ಮೇಲೆ, ನಿಜ ಹೇಳಿದವನು ಒಳಗೆ ಯಾಕಿದ್ದಾನೆ ಎಂಬುದಕ್ಕೆ ಅವನ ಹೆಂಡತಿಯ ಮುಖ ನೋಡಿ ಉತ್ತರ ಕೊಡಿ.

ಡಿಪೋದ ಕಂಟ್ರೋಲರ್
(ಅಮಾನತಿನಲ್ಲಿ)